ನಮ್ಮ ಬ್ರೌಸರು ಪರರಿಗೆ ಹೇಳುವುದೇನು?

ಶಾಲೆಯ ಸ್ಮರಣ ಸಂಚಿಕೆಯೊಂದರಲ್ಲಿ ಇಂಥ ವಿಷಯವನ್ನೆತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಹಳೆಯ ವಿದ್ಯಾರ್ಥಿನಿಯರು ಈ ಪುಟಗಳಲ್ಲಿ ತಮ್ಮ ಉಪಾಧ್ಯಾಯಿನಿಯರ ಹೆಸರುಗಳನ್ನೂ ತಮ್ಮ ತರಗತಿಯ ಭಾವಚಿತ್ರವನ್ನೂ ಹುಡುಕುವರು. ತಾಯ್ತಂದೆಗಳು ಪರೀಕ್ಷೆಯ ಫಲಿತಾಂಶವನ್ನೂ ಬಹುಮಾನ ಪಡೆದವರ ಪಟ್ಟಿಯನ್ನೂ ನೋಡುವರು. ಅದು ಸಹಜವೇ. ಆದರೆ ನಮ್ಮ ಹೆಣ್ಣುಮಕ್ಕಳ ಓದುಬರಹದ ಬಹುಭಾಗವು ಈಗ ಅಂಗೈಯಗಲದ ಯಂತ್ರವೊಂದರ ಮೂಲಕ ನಡೆಯುತ್ತಲಿದೆ. ಪಾಠದ ಟಿಪ್ಪಣಿ ಬರುವುದು ಅದರಲ್ಲಿ, ಶುಲ್ಕ ಕಟ್ಟುವುದು ಅದರಲ್ಲಿ, ಕಾಲೇಜಿನ ಅರ್ಜಿ ತುಂಬುವುದು ಅದರಲ್ಲಿ. ಹೀಗಿರುವಾಗ ಆ ಯಂತ್ರವು ನಮಗೆ ಲೋಕವನ್ನು ತೋರಿಸುವುದಲ್ಲದೆ ಲೋಕಕ್ಕೆ ನಮ್ಮನ್ನು ಎಷ್ಟರಮಟ್ಟಿಗೆ ತೋರಿಸುತ್ತದೆಂಬುದನ್ನು ಒಮ್ಮೆಯಾದರೂ ಪರೀಕ್ಷಿಸಿ ನೋಡುವುದು ಅವಶ್ಯವೆಂದು ನಮ್ಮ ಅಭಿಪ್ರಾಯ.

ಈ ವಿಷಯದಲ್ಲಿ ತಾಯ್ತಂದೆಗಳೊಳಗೆ ಎರಡು ಪಕ್ಷಗಳುಂಟು. ಒಂದು ಪಕ್ಷದವರು, ಹುಡುಗಿಯ ಕೈಗೆ ಮೊಬೈಲನ್ನೇ ಕೊಡಕೂಡದೆನ್ನುತ್ತಾರೆ. ಇನ್ನೊಂದು ಪಕ್ಷದವರು, ನಮ್ಮ ಮನೆಯಲ್ಲಿ ಮುಚ್ಚಿಡತಕ್ಕದ್ದಾದರೂ ಏನಿದೆ, ನೋಡುವವರು ನೋಡಿಕೊಳ್ಳಲಿ ಎನ್ನುತ್ತಾರೆ. ಮೊದಲನೆಯವರು ಮಗಳ ವಿದ್ಯೆಗೆ ಅಡ್ಡಿ ಮಾಡುತ್ತಾರೆ; ಎರಡನೆಯವರು ತಾವು ಕೊಡುತ್ತಿರುವುದೇನೆಂದು ತಿಳಿಯದೆಯೇ ಕೊಟ್ಟುಬಿಡುತ್ತಾರೆ. ಇಬ್ಬರೂ ಆ ಯಂತ್ರವನ್ನು ಪರೀಕ್ಷಿಸಿದವರಲ್ಲ. ನಾವು ಈ ಎರಡು ಪಕ್ಷಗಳಿಗೂ ಸೇರಿದವರಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಜಾಲತಾಣವೊಂದನ್ನು ತೆರೆಯುವುದೆಂದರೆ ಕಾಗದವೊಂದನ್ನು ಬರೆದು ಉತ್ತರ ತರಿಸಿಕೊಂಡಂತೆ. ನಮ್ಮ ಬ್ರೌಸರು, ಅಂದರೆ ಕ್ರೋಮ್, ಸಫಾರಿ, ಫೈರ್‌ಫಾಕ್ಸ್ ಮುಂತಾದ ಹೆಸರಿನ ಆ ಸಾಧನವು, ದೂರದ ಕಂಪ್ಯೂಟರಿಗೆ ‘ಇಂಥ ಪುಟವನ್ನು ಕಳುಹಿಸು’ ಎಂದು ಬರೆಯುತ್ತದೆ. ಅಲ್ಲಿಂದ ಪುಟ ಬರುತ್ತದೆ. ಹಿಂದೆ ವಿದ್ಯಾರ್ಥಿನಿಲಯಗಳಲ್ಲಿ ಹುಡುಗಿಯರಿಗೆ ಬಂದ ಕಾಗದಗಳನ್ನು ಮೇಲ್ವಿಚಾರಕಿಯರು ಒಡೆದು ಓದುವ ಪದ್ಧತಿಯಿದ್ದುದನ್ನು ಹಿರಿಯ ವಾಚಕಿಯರು ಬಲ್ಲರು. ಒಡೆಯದೆಯೇ ಬಹಳಷ್ಟು ತಿಳಿದುಕೊಳ್ಳುವ ಮೇಲ್ವಿಚಾರಕಿಯರೂ ಇದ್ದರು. ಲಕೋಟೆಯ ಮೇಲಿನ ಅಂಚೆಯ ಮುದ್ರೆ, ಕೈಬರಹ, ಶಾಯಿಯ ಬಣ್ಣ, ಕಾಗದದ ಬೆಲೆ, ಇಷ್ಟನ್ನು ನೋಡಿದರೆ ಬರೆದವರು ಯಾವ ಊರಿನವರು, ಗಂಡಸೋ ಹೆಂಗಸೋ, ಅನುಕೂಲಸ್ಥರೋ ಅಲ್ಲವೋ ಎಂಬುದು ಚತುರೆಯಾದ ಹೆಂಗಸಿಗೆ ಗೊತ್ತಾಗುತ್ತಿದ್ದಿತು. ಇಂದು ಹೆಚ್ಚಿನ ಜಾಲತಾಣಗಳೊಡನೆ ನಡೆಯುವ ನಮ್ಮ ಪತ್ರವ್ಯವಹಾರದ ಒಳಭಾಗವು ಗೂಢಲಿಪಿಯಲ್ಲಿ ಹೋಗುವುದರಿಂದ ದಾರಿಯಲ್ಲಿ ಯಾರೂ ಅದನ್ನು ಓದಲಾರರು. ಆದರೆ ಕಾಗದ ತಲಪಿದ ಕಡೆಯವನು ಲಕೋಟೆಯನ್ನು ತಿರುಗಿಸಿ ನೋಡುವುದಕ್ಕೆ ಅಡ್ಡಿಯೇನೂ ಇಲ್ಲ. ಅದಲ್ಲದೆ ಒಂದು ಪುಟವನ್ನು ತೆರೆದಾಗ ಆ ಪುಟದವನೊಬ್ಬನೇ ಅಲ್ಲ, ಅಲ್ಲಿ ಜಾಹೀರಾತು ಹಚ್ಚಿದ ಹತ್ತಾರು ಮಂದಿಯೂ ಅನೇಕ ವೇಳೆ ಅದನ್ನು ತಿರುಗಿಸಿ ನೋಡುತ್ತಾರೆ.

ಹಾಗಾದರೆ ಆ ಲಕೋಟೆಯ ಮೇಲೆ ಏನೇನಿರುತ್ತದೆ? ಮೊದಲನೆಯದಾಗಿ ಬ್ರೌಸರು ತನ್ನ ಹೆಸರನ್ನೂ ಆವೃತ್ತಿಯನ್ನೂ, ತಾನು ಯಾವ ಬಗೆಯ ಯಂತ್ರದಲ್ಲಿರುವೆನೆಂಬುದನ್ನೂ ತಾನಾಗಿಯೇ ಹೇಳುತ್ತದೆ. ಈ ಹೇಳಿಕೆಯಲ್ಲಿ ಒಂದು ವಿನೋದವುಂಟು. ೧೯೯೪ರಲ್ಲಿ ಹೊರಟ ನೆಟ್‌ಸ್ಕೇಪ್ ಎಂಬ ಬ್ರೌಸರು ತನ್ನನ್ನು ‘ಮೊಝಿಲ್ಲಾ’ ಎಂದು ಕರೆದುಕೊಂಡಿತು. ಜಾಲತಾಣಗಳವರು ಆ ಹೆಸರು ಹೇಳಿದವರಿಗೆ ಮಾತ್ರ ಒಳ್ಳೆಯ ಪುಟಗಳನ್ನು ಕೊಡುತ್ತಿದ್ದುದರಿಂದ ಅನಂತರ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ ಸಹ ತಾನು ಮೊಝಿಲ್ಲಾ ಎಂದೇ ಹೇಳಿಕೊಂಡಿತು. ಅದರ ಹಿಂದೆ ಬಂದವರೆಲ್ಲ ಹಾಗೆಯೇ ಮಾಡಿದರು. ಇಂದಿನ ಕ್ರೋಮ್ ಸಹ ತನ್ನ ಪರಿಚಯವನ್ನು ಮೊಝಿಲ್ಲಾ ಎಂದು ಆರಂಭಿಸಿ, ನಡುವೆ ಇನ್ನೂ ಕೆಲವು ಹೆಸರುಗಳನ್ನು ಹೇಳಿ, ಸಫಾರಿ ಎಂದು ಮುಗಿಸುತ್ತದೆ. ದೊಡ್ಡ ಮನೆಯ ಮದುವೆಯೂಟಕ್ಕೆ ನುಗ್ಗಿದವನು ಬಾಗಿಲಲ್ಲಿ ನಾಲ್ಕು ಜನ ನೆಂಟರ ಹೆಸರು ಹೇಳುವಂತೆ ಇದೆ ಈ ವ್ಯವಹಾರ.

ಇದರ ಮೇಲೆ ನಮ್ಮ ಪರದೆಯ ಅಗಲ ಎತ್ತರಗಳು, ನಾವು ಓದಬಯಸುವ ಭಾಷೆಗಳು ಮತ್ತು ಅವುಗಳ ಕ್ರಮ, ನಮ್ಮ ಗಡಿಯಾರದ ವಲಯ, ಯಂತ್ರದ ಮಿದುಳಿನಲ್ಲಿ ಎಷ್ಟು ಭಾಗಗಳಿವೆಯೆಂಬುದು, ಚಿತ್ರ ಬರೆಯುವ ಚಿಪ್ಪಿನ ಹೆಸರು, ಇವುಗಳನ್ನೂ ಪುಟದೊಳಗಿನ ಸಣ್ಣ ಲಿಪಿಯೊಂದು ಕೇಳಿ ತಿಳಿದುಕೊಳ್ಳಬಹುದು. ನಾವು ಬಂದ ಅಂತರಜಾಲದ ವಿಳಾಸದಿಂದ ನಮಗೆ ಸೇವೆ ಒದಗಿಸುವ ಕಂಪನಿಯೂ, ಸುಮಾರಾಗಿ ನಮ್ಮ ಊರೂ ಗೊತ್ತಾಗುತ್ತದೆ. ಇದಾವುದಕ್ಕೂ ನಮ್ಮ ಅಪ್ಪಣೆ ಬೇಡ. ನಾವಿರುವ ನಿಜವಾದ ಸ್ಥಳ, ಕ್ಯಾಮೆರಾ, ಮೈಕು, ಇವುಗಳಿಗೆ ಮಾತ್ರ ಬ್ರೌಸರು ‘ಕೊಡಲೇ, ಬೇಡವೇ?’ ಎಂದು ನಮ್ಮನ್ನು ಕೇಳುತ್ತದೆ. ಜನರು ಈ ಕೇಳುವ ಸಂಗತಿಗಳ ವಿಷಯದಲ್ಲಿ ಭಯಪಡುತ್ತಾರೆ. ಕೇಳದೆ ಕೊಡುವ ಸಂಗತಿಗಳಿವೆಯೆಂಬುದನ್ನೇ ಅರಿಯರು. ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಎರಡನೆಯ ಜಾತಿಯ ವಿಷಯವನ್ನೇ.

ಪರದೆಯ ಅಳತೆ ತಿಳಿದರೆ ಯಾರಿಗೇನು ನಷ್ಟವೆಂದು ಕೇಳಬಹುದು. ಒಂದೊಂದನ್ನೇ ನೋಡಿದರೆ ನಷ್ಟವಿಲ್ಲ, ಲಾಭವೇ ಉಂಟು. ಪರದೆಯ ಅಳತೆ ತಿಳಿಯದಿದ್ದರೆ ಪುಟವು ಮೊಬೈಲಿನಲ್ಲಿ ಅಂದವಾಗಿ ಕೂರದು. ಎಲ್ಲವನ್ನೂ ಒಟ್ಟುಗೂಡಿಸಿದಾಗ ಆಗುವುದೇ ಬೇರೆ. ಇದನ್ನು ನಮ್ಮ ಶಾಲೆಯ ಸಭಾಮಂದಿರದ ಉದಾಹರಣೆಯಿಂದ ತಿಳಿಯಬಹುದು. ಅಲ್ಲಿ ೧,೦೨೪ ಹುಡುಗಿಯರು ನಿಂತಿದ್ದಾರೆಂದು ಎಣಿಸಿಕೊಳ್ಳಿರಿ. ಒಬ್ಬಳನ್ನು ಮನಸ್ಸಿನಲ್ಲಿಟ್ಟುಕೊಂಡವರನ್ನು ನಾವು, ‘ಅವಳಿಗೆ ಎರಡು ಜಡೆಯುಂಟೇ?’ ಎಂದು ಕೇಳುತ್ತೇವೆ. ಉಂಟೆಂದರೆ, ಒಂಟಿ ಜಡೆಯವರೆಲ್ಲ ಕುಳಿತುಕೊಳ್ಳುತ್ತಾರೆ. ‘ಕನ್ನಡಕವುಂಟೇ?’ ‘ಬಸ್ಸಿನಲ್ಲಿ ಬರುವಳೇ?’ ಹೀಗೆ ಪ್ರತಿಯೊಂದು ಪ್ರಶ್ನೆಗೂ ನಿಂತವರಲ್ಲಿ ಅರ್ಧದಷ್ಟು ಜನ ಕುಳಿತರೆ, ಹತ್ತನೆಯ ಪ್ರಶ್ನೆಗೆ ಒಬ್ಬಳೇ ನಿಂತಿರುತ್ತಾಳೆ. ಅವಳ ಹೆಸರನ್ನು ನಾವು ಕೇಳಲೇ ಇಲ್ಲ! ಸುಮಾರು ೮೦೦ ಕೋಟಿ ಜನರಿರುವ ಈ ಲೋಕದಲ್ಲಿಯೂ ಒಬ್ಬರನ್ನು ಬೇರ್ಪಡಿಸುವುದಕ್ಕೆ ಇಂಥ ೩೩ ಪ್ರಶ್ನೆಗಳು ಸಾಕು. ಬ್ರೌಸರಿನ ಉತ್ತರಗಳನ್ನೆಲ್ಲ ಕೂಡಿಸಿ ಮಾಡಿದ ಈ ಗುರುತಿಗೆ ಬಲ್ಲವರು ಬೆರಳಚ್ಚು ಎಂಬ ಹೆಸರಿಟ್ಟಿದ್ದಾರೆ.

ಇದು ಬರಿಯ ಊಹೆಯಲ್ಲ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಷನ್ ಎಂಬ ಸಂಸ್ಥೆಯ ಪೀಟರ್ ಎಕರ್ಸ್ಲೀ ಎಂಬವರು ೨೦೧೦ರಲ್ಲಿ ಪರೀಕ್ಷೆಯೊಂದನ್ನು ಏರ್ಪಡಿಸಿ ೪,೭೦,೧೬೧ ಬ್ರೌಸರುಗಳ ಉತ್ತರಗಳನ್ನು ಹೋಲಿಸಿದರು. ಅವುಗಳಲ್ಲಿ ನೂರಕ್ಕೆ ೮೩.೬ ಬ್ರೌಸರುಗಳು ಆ ಗುಂಪಿನಲ್ಲಿ ತಮ್ಮಂಥ ಇನ್ನೊಂದಿಲ್ಲದೆ ಒಂಟಿಯಾಗಿ ನಿಂತವು. ಆದರೆ ಇದೊಂದನ್ನೇ ಹೇಳಿ ನಿಲ್ಲಿಸಿದರೆ ವಾಚಕರನ್ನು ಹೆದರಿಸಿದಂತಾಗುವುದು. ಆ ಪರೀಕ್ಷೆಗೆ ಬಂದವರು ಹೆಚ್ಚಾಗಿ ಇಂಥ ವಿಷಯಗಳಲ್ಲಿ ಆಸಕ್ತಿಯುಳ್ಳವರು. ತಮ್ಮ ಯಂತ್ರಗಳನ್ನು ನಾನಾ ರೀತಿಯಲ್ಲಿ ತಿದ್ದಿಕೊಂಡವರು. ೨೦೧೮ರಲ್ಲಿ ಫ್ರಾನ್ಸಿನ ಸಂಶೋಧಕರು ತಮ್ಮ ದೇಶದ ಜನಪ್ರಿಯ ಜಾಲತಾಣವೊಂದಕ್ಕೆ ಬಂದ ಸಾಮಾನ್ಯ ಜನರ ೨೦,೬೭,೯೪೨ ಬೆರಳಚ್ಚುಗಳನ್ನು ಪರಿಶೀಲಿಸಿದಾಗ, ಒಂಟಿಯಾಗಿ ನಿಂತವು ನೂರಕ್ಕೆ ೩೩.೬ ಮಾತ್ರ. ಆದುದರಿಂದ ಎಲ್ಲರೂ ಎಲ್ಲೆಲ್ಲಿಯೂ ಗುರುತಿಸಲ್ಪಡುತ್ತಾರೆಂದು ಹೇಳುವುದು ಉತ್ಪ್ರೇಕ್ಷೆ. ಯಾರೂ ಗುರುತಿಸಲಾರರೆಂಬುದು ಅದಕ್ಕಿಂತ ದೊಡ್ಡ ಅಸತ್ಯ. ಮೂವರಲ್ಲಿ ಒಬ್ಬರೆಂಬುದೇನೂ ಕಡಮೆಯ ಮಾತಲ್ಲ. ಹೇಗೂ, ಗುಂಪಿನಲ್ಲಿ ನಮ್ಮಂಥವರು ಎಷ್ಟು ಮಂದಿಯುಂಟು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇಲ್ಲಿ ನಮ್ಮ ನುಡಿಯ ಮಾತು ಬರುತ್ತದೆ. ಮೊಬೈಲಿನ ಭಾಷೆಯನ್ನು ಕನ್ನಡವೆಂದು ಇಟ್ಟುಕೊಂಡವರ ಬ್ರೌಸರು, ತಾನು ತೆರೆಯುವ ಪುಟಗಳಿಗೆಲ್ಲ, ‘ನನ್ನ ಯಜಮಾನಿಗೆ ಮೊದಲು ಕನ್ನಡ, ಅದಿಲ್ಲದಿದ್ದರೆ ಇಂಗ್ಲಿಷು’ ಎಂದು ಸಾರುತ್ತದೆ. ಕೋಟ್ಯಂತರ ಕನ್ನಡಿಗರಿರುವ ನಾಡಿನಲ್ಲಿ ಇದರಿಂದ ವಿಶೇಷವೇನೂ ತಿಳಿಯದು. ಆದರೆ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಜರ್ಮನಿಯ ಸಣ್ಣ ಪಟ್ಟಣವೊಂದರಲ್ಲಿ ದಾದಿಯಾಗಿದ್ದಾಳೆನ್ನೋಣ. ಅಲ್ಲಿಯ ಅಂತರಜಾಲದ ವಿಳಾಸದಿಂದ, ಕನ್ನಡವನ್ನು ಮೊದಲ ಭಾಷೆಯಾಗಿ ಕೇಳುವ ಬ್ರೌಸರುಗಳು ಎಷ್ಟು ಬಂದಾವು? ತಾಯಿಯೊಡನೆ ಮಾತಾಡುವ ಹೊತ್ತನ್ನು ಮರೆಯದಿರಲೆಂದು ಅವಳು ಲ್ಯಾಪ್‌ಟಾಪಿನ ಗಡಿಯಾರವನ್ನು ಭಾರತದ ಕಾಲಕ್ಕೇ ಇಟ್ಟುಕೊಂಡಿದ್ದರೆ, ‘ಗ್ರೀನಿಚ್ಚಿಗಿಂತ ೩೩೦ ನಿಮಿಷ ಮುಂದೆ’ ಎಂಬ ಇನ್ನೊಂದು ಗುರುತು ಅದಕ್ಕೆ ಸೇರುತ್ತದೆ. ಸಭಾಮಂದಿರದಲ್ಲಿ ಅವಳೊಬ್ಬಳನ್ನುಳಿದು ಮಿಕ್ಕವರೆಲ್ಲ ಕುಳಿತುಬಿಡಲು ಇನ್ನೆಷ್ಟು ಪ್ರಶ್ನೆಗಳು ಬೇಕಾದೀತು? ಅವಳು ತನ್ನ ಹೆಸರನ್ನು ಎಲ್ಲಿಯೂ ಬರೆಯಲಿಲ್ಲ. ತಾಯ್ನುಡಿಯನ್ನೂ ತಾಯಿಯನ್ನೂ ಮರೆಯಲಿಲ್ಲ, ಅಷ್ಟೆ.

ಅಕ್ಷರದ ಅಚ್ಚುಗಳ ವಿಷಯವೂ ಹೀಗೆಯೇ. ಕಂಪ್ಯೂಟರಿನಲ್ಲಿ ನಾವು ಯಾವ ಯಾವ ಫಾಂಟುಗಳನ್ನು ಹಾಕಿಕೊಂಡಿದ್ದೇವೆಂಬುದನ್ನು ಜಾಲತಾಣಗಳು ಕಂಡುಹಿಡಿಯುವ ಬಗೆ ಬಹಳ ಚಮತ್ಕಾರವಾದುದು. ಒಂದೇ ಪದವನ್ನು ಕಣ್ಣಿಗೆ ಕಾಣದಂತೆ ಬೇರೆಬೇರೆ ಫಾಂಟುಗಳ ಹೆಸರು ಹೇಳಿ ಬರೆಯಿಸಿ, ಅದರ ಅಗಲವನ್ನು ಅಳೆಯುತ್ತಾರೆ. ಅಗಲ ಬದಲಾದರೆ ಆ ಫಾಂಟು ಅಲ್ಲುಂಟು, ಬದಲಾಗದಿದ್ದರೆ ಇಲ್ಲ. ವಿಂಡೋಸಿನೊಡನೆ ಬರುವ ತುಂಗಾ, ನಿರ್ಮಲಾ ಎಂಬವು ಲಕ್ಷಾಂತರ ಯಂತ್ರಗಳಲ್ಲಿರುವುದರಿಂದ ಅವುಗಳಿಂದ ಗುರುತು ಸಿಕ್ಕದು. ಆದರೆ ಕನ್ನಡ ಗಣಕ ಪರಿಷತ್ತಿನ ನುಡಿಯನ್ನೂ ಬರಹ ತಂತ್ರಾಂಶವನ್ನೂ ಅವುಗಳ ಫಾಂಟುಗಳೊಡನೆ ಹಾಕಿಕೊಂಡ ಯಂತ್ರವೆಂದರೆ, ಅದು ಕನ್ನಡದಲ್ಲಿ ಬೆರಳಚ್ಚು ಮಾಡುವ ಕಚೇರಿಯದೋ, ಅಚ್ಚುಕೂಟದ್ದೋ, ಶಾಲೆಯದೋ ಆಗಿರಬೇಕು. ಸಫಾರಿಯವರು ೨೦೧೮ರಿಂದ ಯಂತ್ರದೊಡನೆ ಬಂದ ಫಾಂಟುಗಳನ್ನು ಮಾತ್ರ ತೋರಿಸಿ, ಬಳಕೆದಾರರು ಹಾಕಿಕೊಂಡವುಗಳನ್ನು ಮರೆಮಾಡುವ ವ್ಯವಸ್ಥೆ ಮಾಡಿದರು. ಇದು ಮೆಚ್ಚತಕ್ಕ ಕೆಲಸ.

ಇದನ್ನು ಕೇಳಿ, ಹಾಗಾದರೆ ಮೊಬೈಲಿನಿಂದ ಕನ್ನಡವನ್ನು ತೆಗೆದುಬಿಡುವುದೇ ಜಾಣತನವೆಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಭಾಷೆಯನ್ನು ಅಡಗಿಸಿ ರಕ್ಷಣೆ ಪಡೆಯಬೇಕೆಂಬ ಏರ್ಪಾಡೇ ತಪ್ಪು. ತಿದ್ದಬೇಕಾದುದು ಅದನ್ನು ಗುರುತಿನ ಚೀಟಿಯಾಗಿ ಬಳಸುವವರ ನಡತೆಯನ್ನು. ಅದಲ್ಲದೆ ಇಂದು ಅನೇಕ ಮಂದಿ ಕನ್ನಡಿಗರು ಮೊಬೈಲನ್ನು ಇಂಗ್ಲಿಷಿನಲ್ಲಿಯೇ ಇಟ್ಟುಕೊಂಡಿರುವರು. ಅವರೆಲ್ಲ ಕನ್ನಡಕ್ಕೆ ತಿರುಗಿದರೆ ಆ ಗುಂಪು ದೊಡ್ಡದಾಗಿ, ಅದರೊಳಗಿನ ಒಬ್ಬೊಬ್ಬರೂ ಗುರುತಿಗೆ ಸಿಕ್ಕುವುದು ಕಡಮೆಯಾಗುವುದು. ಭಾಷಾಭಿಮಾನಕ್ಕೆ ಹೀಗೊಂದು ಪ್ರಯೋಜನವುಂಟೆಂದು ನಮ್ಮ ರಾಜ್ಯೋತ್ಸವದ ಭಾಷಣಕಾರರು ಇನ್ನೂ ಕಂಡುಕೊಂಡಂತಿಲ್ಲ.

ಈ ಗುರುತನ್ನು ಕಟ್ಟಿಕೊಂಡು ಅವರು ಮಾಡುವುದೇನೆಂದು ಕೇಳುವಿರಿ. ಹೆಚ್ಚಾಗಿ ಜಾಹೀರಾತು. ನಿನ್ನೆ ಒಂದು ತಾಣದಲ್ಲಿ ಸೀರೆ ನೋಡಿದವರಿಗೆ ಇಂದು ಇನ್ನೊಂದರಲ್ಲಿ ಸೀರೆ ತೋರಿಸುವುದು. ೧೯೯೪ರಲ್ಲಿ ಹುಟ್ಟಿದ ಕುಕಿ ಎಂಬ ಚೀಟಿಯಿಂದಲೂ ಈ ಕೆಲಸ ನಡೆಯುತ್ತದೆ. ಆದರೆ ಕುಕಿಯು ನಮ್ಮ ಯಂತ್ರದಲ್ಲಿರುವುದರಿಂದ ನಾವು ಅದನ್ನು ಅಳಿಸಬಹುದು. ಬೆರಳಚ್ಚು ಅವರ ಹತ್ತಿರವಿರುವುದರಿಂದ ಅಳಿಸಲಾರೆವು. ಈ ಕಾರಣದಿಂದಲೇ ಗೂಗಲ್ ಸಂಸ್ಥೆಯವರು ೨೦೧೯ರಲ್ಲಿ ಈ ಪದ್ಧತಿಯನ್ನು ತಪ್ಪೆಂದು ಬಹಿರಂಗವಾಗಿ ಹೇಳಿದ್ದರು. ಅದೇ ಸಂಸ್ಥೆ ೨೦೨೫ರ ಫೆಬ್ರುವರಿಯಿಂದ ತನ್ನ ಜಾಹೀರಾತುದಾರರಿಗೆ ಇದ್ದ ಆ ನಿಷೇಧವನ್ನು ಸಡಿಲಿಸಿತು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಯು ಅದಕ್ಕೆ ಮುಂಚೆಯೇ, ೨೦೨೪ರ ಡಿಸೆಂಬರಿನಲ್ಲಿ, ಇದು ಹೊಣೆಗೇಡಿತನವೆಂದು ಖಂಡಿಸಿತ್ತು. ಐದಾರು ವರ್ಷಗಳಲ್ಲಿ ತಪ್ಪು ಸರಿಯಾಗುವಂಥದೇನು ನಡೆಯಿತೆಂಬುದು ನಮಗಂತೂ ತಿಳಿಯದು.

ಯಂತ್ರವನ್ನು ನೋಡಿ ಮನುಷ್ಯರ ಹಣದ ಚೀಲವನ್ನು ಅಳೆಯುವುದೂ ಉಂಟು. ೨೦೧೨ರಲ್ಲಿ ಅಮೆರಿಕದ ಆರ್ಬಿಟ್ಸ್ ಎಂಬ ಪ್ರಯಾಣದ ತಾಣದವರು, ಆಪಲ್ ಕಂಪನಿಯ ಮ್ಯಾಕ್ ಯಂತ್ರದಿಂದ ಬಂದವರು ಹೋಟೆಲಿಗೆ ರಾತ್ರಿಯೊಂದಕ್ಕೆ ನೂರಕ್ಕೆ ಮೂವತ್ತರವರೆಗೆ ಹೆಚ್ಚು ವೆಚ್ಚ ಮಾಡುವರೆಂದು ಕಂಡುಕೊಂಡು, ಅಂಥವರಿಗೆ ಹೆಚ್ಚು ಬೆಲೆಯ ಹೋಟೆಲುಗಳನ್ನು ಮುಂದಿಟ್ಟು ತೋರಿಸುತ್ತಿದ್ದುದು ಪತ್ರಿಕೆಗಳಲ್ಲಿ ಬಂದಿತು. ಒಂದೇ ಕೋಣೆಗೆ ಎರಡು ಬೆಲೆ ಹೇಳಲಿಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ನಮ್ಮ ದೇಶದಲ್ಲಿ ೨೦೨೫ರ ಜನವರಿಯಲ್ಲಿ, ಒಂದೇ ಪ್ರಯಾಣಕ್ಕೆ ಐಫೋನಿನವರಿಗೂ ಆಂಡ್ರಾಯ್ಡಿನವರಿಗೂ ಬೇರೆಬೇರೆ ಬಾಡಿಗೆ ತೋರಿಸಲಾಗುತ್ತಿದೆಯೆಂಬ ದೂರಿನ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಓಲಾ, ಊಬರ್ ಕಂಪನಿಗಳಿಗೆ ನೋಟೀಸು ಕಳುಹಿಸಿತು. ಎರಡೂ ಕಂಪನಿಗಳು ಆ ಆರೋಪವನ್ನು ಅಲ್ಲಗಳೆದವು. ಅದು ಬ್ರೌಸರಿನ ಮಾತಲ್ಲ, ಆ್ಯಪಿನ ಮಾತು. ಸಂದೇಹದ ಬೇರು ಮಾತ್ರ ಒಂದೇ.

ಈ ಗುರುತಿನಿಂದ ಒಳ್ಳೆಯದೂ ಆಗುವುದೆಂಬುದನ್ನು ಮರೆಯಕೂಡದು. ಅಮ್ಮನ ಬ್ಯಾಂಕಿನ ಖಾತೆಗೆ ಎಂದೂ ಕಾಣದ ಯಂತ್ರವೊಂದರಿಂದ ಯಾರೋ ಪ್ರವೇಶಿಸಲೆತ್ನಿಸಿದಾಗ ಬ್ಯಾಂಕು ಅನುಮಾನಪಟ್ಟು ಇನ್ನೊಮ್ಮೆ ಪರೀಕ್ಷೆ ಮಾಡುವುದು ಇಂಥ ಗುರುತುಗಳಿಂದಲೇ. ಆದುದರಿಂದ ಬೆರಳಚ್ಚನ್ನೇ ಪಾಪವೆಂದು ಸಾರುವುದಕ್ಕೆ ನಾವು ಬಂದಿಲ್ಲ. ಬ್ಯಾಂಕು ನಮ್ಮ ಗುರುತು ಹಿಡಿಯುವುದು ನಮ್ಮ ಹಣ ಕಾಯುವುದಕ್ಕೆ. ಹೆಸರೇ ತಿಳಿಯದ ಜಾಹೀರಾತಿನವನು ನಮ್ಮ ಮಗಳ ಗುರುತು ಹಿಡಿಯುವುದು ಏತಕ್ಕೆ?

ಪರಿಹಾರದ ವಿಷಯದಲ್ಲಿ ಜನರಲ್ಲಿ ಅನೇಕ ತಪ್ಪು ತಿಳಿವಳಿಕೆಗಳಿವೆ. ಅತ್ಯಂತ ದೊಡ್ಡದು, ಬ್ರೌಸರಿನ ಗುಪ್ತ ಕಿಟಕಿಯನ್ನು ತೆರೆದರೆ ತಮ್ಮನ್ನು ಯಾರೂ ಕಾಣರೆಂಬುದು. ಆ ಕಿಟಕಿಯು ನಾವು ನೋಡಿದ ಪುಟಗಳ ಪಟ್ಟಿಯನ್ನೂ ಕುಕಿಗಳನ್ನೂ ನಮ್ಮ ಯಂತ್ರದಲ್ಲಿ ಉಳಿಯದಂತೆ ಮಾಡುತ್ತದೆಯೇ ಹೊರತು, ಪರದೆಯ ಅಳತೆ, ಭಾಷೆ, ಗಡಿಯಾರಗಳನ್ನು ಸಾಮಾನ್ಯವಾಗಿ ಮುಚ್ಚುವುದಿಲ್ಲ. ಮನೆಯವರಿಗೆ ಗೊತ್ತಾಗದು, ಊರಿಗೆ ಗೊತ್ತಾಗುವುದು! ಇದರ ವಿಷಯವಾಗಿ ಗೂಗಲಿನ ಮೇಲೆ ೨೦೨೦ರಲ್ಲಿ ಅಮೆರಿಕದಲ್ಲಿ ಮೊಕದ್ದಮೆಯೇ ನಡೆದು, ೨೦೨೪ರ ರಾಜಿಯಲ್ಲಿ ಆ ಸಂಸ್ಥೆಯು ಅಪಾರವಾದ ದಾಖಲೆಗಳನ್ನು ನಾಶಪಡಿಸಲು ಒಪ್ಪಬೇಕಾಯಿತು.

ಇನ್ನೊಂದು, ‘ನನ್ನನ್ನು ಹಿಂಬಾಲಿಸಬೇಡ’ ಎಂಬ ಗುಂಡಿ. ೨೦೦೯ರಲ್ಲಿ ಹುಟ್ಟಿದ ಈ ಆಲೋಚನೆಯಂತೆ ಬ್ರೌಸರು ಪ್ರತಿಯೊಂದು ತಾಣಕ್ಕೂ ವಿನಯದಿಂದ ಹಾಗೆಂದು ಹೇಳುತ್ತಿದ್ದಿತು. ಹೆಚ್ಚಿನ ತಾಣಗಳು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅದಕ್ಕೆ ನಿಯಮ ಮಾಡಲು ಕುಳಿತ ಸಮಿತಿಯು ೨೦೧೯ರಲ್ಲಿ ಮುಚ್ಚಿಹೋಯಿತು. ಫೈರ್‌ಫಾಕ್ಸಿನವರು ೨೦೨೫ರಲ್ಲಿ ಆ ಗುಂಡಿಯನ್ನೇ ತೆಗೆದುಹಾಕಿದರು. ವಿಪರೀತವೇನೆಂದರೆ, ಅದನ್ನು ಒತ್ತಿದವರು ಕೆಲವರೇ ಆದುದರಿಂದ ಒತ್ತಿದ್ದೇ ಒಂದು ಗುರುತಾಗಿ ಪರಿಣಮಿಸಿತು.

ಈ ಕೊನೆಯ ಸಂಗತಿಯಲ್ಲಿಯೇ ನಾವು ಹೇಳಬೇಕೆಂದಿರುವುದರ ಸಾರವಿದೆ. ಜಾಲದಲ್ಲಿ ಅಡಗುವುದೆಂದರೆ ಮುಸುಕು ಹಾಕಿಕೊಳ್ಳುವುದಲ್ಲ. ಸಂತೆಯಲ್ಲಿ ಒಬ್ಬಳೇ ಮುಸುಕು ಹಾಕಿಕೊಂಡರೆ ಎಲ್ಲರ ಕಣ್ಣೂ ಅವಳ ಮೇಲೆಯೇ. ಎಲ್ಲರಂತೆ ಇರುವುದೇ ಅಡಗುವ ದಾರಿ. ನಮ್ಮ ಶಾಲೆಯಲ್ಲಿ ಸಮವಸ್ತ್ರವನ್ನು ಗೊಣಗುತ್ತ ತೊಟ್ಟವರೆಲ್ಲರಿಗೂ ಇದು ಬೇಗ ಅರ್ಥವಾಗುವುದು. ಟಾರ್ ಎಂಬ ಬ್ರೌಸರು ಮಾಡುವುದು ಇದನ್ನೇ: ತನ್ನನ್ನು ಬಳಸುವವರೆಲ್ಲರಿಗೂ ಒಂದೇ ಗಡಿಯಾರ, ಗೊತ್ತುಮಾಡಿದ ಕೆಲವೇ ಕಿಟಕಿಯಳತೆ, ಒಂದೇ ಬಗೆಯ ಉತ್ತರ. ಅದನ್ನು ನಿತ್ಯದ ಕೆಲಸಕ್ಕೆ ಬಳಸುವುದು ನಿಧಾನ, ಎಲ್ಲರಿಗೂ ಬೇಕಿಲ್ಲ. ಬ್ರೇವ್ ಎಂಬುದು ಇನ್ನೊಂದು ಉಪಾಯ ಮಾಡುತ್ತದೆ; ಕೆಲವು ಉತ್ತರಗಳನ್ನು ಸ್ವಲ್ಪಸ್ವಲ್ಪ ಬದಲಾಯಿಸಿ ಹೇಳುತ್ತದೆ, ಇಂದಿನ ಗುರುತು ನಾಳೆಗೆ ಹೊಂದದಂತೆ. ಆಂಡ್ರಾಯ್ಡಿನ ಕ್ರೋಮ್ ಸಹ ಈಗ ತನ್ನ ಪರಿಚಯದಲ್ಲಿ ಮೊಬೈಲು ಯಾವುದೇ ಆಗಿರಲಿ ‘ಆಂಡ್ರಾಯ್ಡ್ ೧೦, ಕೆ’ ಎಂದಷ್ಟೇ ಹೇಳುತ್ತದೆ. ಆದರೆ ತಾಣದವನು ಮತ್ತೊಮ್ಮೆ ಬಿಡಿಸಿ ಕೇಳಿದರೆ ಮಾದರಿಯ ಹೆಸರನ್ನೂ ಕೊಟ್ಟುಬಿಡುತ್ತದೆ, ನಮ್ಮನ್ನು ಕೇಳದೆ. ಮುಂಬಾಗಿಲು ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ.

ಬ್ರೌಸರು ಮಾಡುವವರು ಮನಸ್ಸು ಮಾಡಿದರೆ ಏನಾಗುವುದೆಂಬುದಕ್ಕೆ ಬ್ಯಾಟರಿಯ ಕಥೆ ಸಾಕು. ಯಂತ್ರದಲ್ಲಿ ಎಷ್ಟು ಚಾರ್ಜು ಉಳಿದಿದೆಯೆಂಬುದನ್ನು ಜಾಲತಾಣಗಳಿಗೆ ತಿಳಿಸುವ ವ್ಯವಸ್ಥೆಯೊಂದನ್ನು ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದರು. ಚಾರ್ಜು ಕಡಮೆಯಿದ್ದರೆ ಪುಟವು ಹಗುರವಾಗಲಿ ಎಂದು. ಆ ಅಂಕಿಗಳಿಂದಲೇ ಒಂದು ಯಂತ್ರವನ್ನು ಸ್ವಲ್ಪ ಹೊತ್ತು ಹಿಂಬಾಲಿಸಬಹುದೆಂದು ಫ್ರಾನ್ಸ್, ಬೆಲ್ಜಿಯಂ ದೇಶಗಳ ಸಂಶೋಧಕರು ೨೦೧೫ರಲ್ಲಿ ತೋರಿಸಿದರು. ೨೦೧೭ರಲ್ಲಿ ಫೈರ್‌ಫಾಕ್ಸ್ ಅದನ್ನು ಜಾಲತಾಣಗಳಿಗೆ ಮುಚ್ಚಿಬಿಟ್ಟಿತು. ಕ್ರೋಮಿನಲ್ಲಿ ಅದು ಇನ್ನೂ ತೆರೆದೇ ಇದೆ. ಒಂದು ಕಡೆ ಸಾಧ್ಯವಾದುದು ಇನ್ನೊಂದು ಕಡೆ ಏಕೆ ಸಾಧ್ಯವಿಲ್ಲವೆಂದು ಕೇಳುವ ಹಕ್ಕು ಬಳಕೆದಾರರಿಗೆ ಉಂಟು.

ಹಕ್ಕೆಂಬ ಮಾತನ್ನು ನಾವು ಹಗುರವಾಗಿ ಬಳಸಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ೨೦೧೨ರಲ್ಲಿ, ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಯ ಫಲವಾಗಿ, ೨೦೧೭ನೆಯ ಆಗಸ್ಟ್ ೨೪ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಪ್ರತಿಯೊಬ್ಬರ ಮೂಲಭೂತ ಹಕ್ಕೆಂದು ತೀರ್ಪಿತ್ತರು. ಆ ಹಿರಿಯರು ೨೦೨೪ರಲ್ಲಿ ತೀರಿಕೊಂಡರು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ, ಹದಿನೆಂಟು ವರ್ಷ ತುಂಬದ ಮಕ್ಕಳನ್ನು ಜಾಲದಲ್ಲಿ ಹಿಂಬಾಲಿಸುವುದನ್ನೂ ಅವರಿಗೆಂದೇ ಗುರಿಯಿಟ್ಟ ಜಾಹೀರಾತು ತೋರಿಸುವುದನ್ನೂ ನಿಷೇಧಿಸಲಾಗಿದೆ. ಮಕ್ಕಳ ವಿಷಯದ ಕರ್ತವ್ಯ ಮೀರಿದವರಿಗೆ ೨೦೦ ಕೋಟಿ ರೂಪಾಯಿಗಳವರೆಗೆ ದಂಡವುಂಟು. ಇದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯವಾದವುಗಳ ಜಾರಿಗೆ ಹದಿನೆಂಟು ತಿಂಗಳ ಗಡುವಿನೊಡನೆ. ಹೈಸ್ಕೂಲಿನ ಹುಡುಗಿಯರೆಲ್ಲರೂ ಈ ರಕ್ಷಣೆಯೊಳಗೆ ಬರುವರು. ಆದರೆ ತನ್ನನ್ನು ಹಿಂಬಾಲಿಸುತ್ತಿರುವರೆಂಬುದೇ ತಿಳಿಯದ ಹುಡುಗಿ ಯಾರ ಮೇಲೆ ದೂರು ಕೊಟ್ಟಾಳು? ಕಾನೂನು ಬರುವುದಕ್ಕೆ ಮುಂಚೆ ಅರಿವು ಬರಬೇಕೆನ್ನುವುದು ಇದರಿಂದಲೇ.

ಆದಕಾರಣ ಮೊಬೈಲನ್ನು ಕಸಿದುಕೊಳ್ಳುವ ತಾಯ್ತಂದೆಗಳಿಗೆ ನಮ್ಮ ಬಿನ್ನಹವೇನೆಂದರೆ, ಕಸಿದುಕೊಳ್ಳುವುದರ ಬದಲು ಮಗಳ ಪಕ್ಕದಲ್ಲಿ ಕುಳಿತು ಅದನ್ನು ಪರೀಕ್ಷಿಸಿರಿ. ಗಂಡುಮಕ್ಕಳ ಮೊಬೈಲೂ ಇಷ್ಟೇ ಹೇಳುತ್ತದೆ; ಆದರೂ ಕಸಿದುಕೊಳ್ಳುವುದು ಮಾತ್ರ ಹೆಣ್ಣುಮಕ್ಕಳ ಕೈಯಿಂದ. ಮಗಳಿಗೆ ತಿಳಿಸದೆ ಅವಳ ಮೊಬೈಲಿನಲ್ಲಿ ಗೂಢಚಾರ ಆ್ಯಪುಗಳನ್ನು ಹಾಕುವ ತಂದೆಯರೂ ಇದ್ದಾರೆ. ಹೊರಗಿನ ಕಣ್ಣುಗಳನ್ನು ಕಾಯಲು ಹೋಗಿ ಮನೆಯಲ್ಲಿಯೇ ಇನ್ನೊಂದು ಕಣ್ಣನ್ನು ಕೂರಿಸಿದಂತಾಯಿತಷ್ಟೆ. ಆ ಆ್ಯಪಿನವನು ಆ ಸಂಗತಿಗಳನ್ನು ಎಲ್ಲಿಗೆ ಕಳುಹಿಸುವನೆಂದು ಆ ತಂದೆಯರು ವಿಚಾರಿಸಿರುವರೇ?

ಪರೀಕ್ಷೆಯೇನೂ ಕಷ್ಟವಲ್ಲ. ಮೇಲೆ ಹೇಳಿದ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಷನ್ನಿನವರ ಪರೀಕ್ಷೆಯು ಈಗ ‘ಕವರ್ ಯುವರ್ ಟ್ರ್ಯಾಕ್ಸ್’ ಎಂಬ ಹೆಸರಿನಲ್ಲಿ ಬೆಲೆಯಿಲ್ಲದೆ ದೊರೆಯುತ್ತದೆ. ಫ್ರಾನ್ಸಿನ ಸಂಶೋಧಕರದು ‘ಆಮ್ ಐ ಯುನೀಕ್’. ಹೆಸರನ್ನು ಹುಡುಕಿ, ತೆರೆದು, ಗುಂಡಿಯೊತ್ತಿದರೆ, ನಮ್ಮ ಬ್ರೌಸರು ಕೊಟ್ಟ ಉತ್ತರಗಳೆಲ್ಲ ಪಟ್ಟಿಯಾಗಿ ಬರುವುವು. ಒಂದೊಂದರ ಎದುರಿಗೂ ಎಷ್ಟು ಬ್ರೌಸರುಗಳಲ್ಲಿ ಒಂದು ಹೀಗೆ ಹೇಳುತ್ತದೆಂದು ಬರೆದಿರುವುದು. ‘ನೀವು ಒಂಟಿ’ ಎಂದು ಬಂದರೆ ಹೆದರಬೇಕಾದುದಿಲ್ಲ. ಅದು ಆ ತಾಣಕ್ಕೆ ಬಂದವರೊಳಗಿನ ಹೋಲಿಕೆ. ಅಲ್ಲಿ ನಮ್ಮ ಕಡೆಯವರ ಸಂಖ್ಯೆ ಹೆಚ್ಚಿರಲಾರದು. ದೊಡ್ಡ ಅಂಕಿ ಯಾವುದರ ಎದುರಿಗಿದೆಯೆಂಬುದನ್ನು ನೋಡಿದರೆ ನಮ್ಮನ್ನು ತೋರಿಸಿಕೊಡುತ್ತಿರುವುದು ಯಾವುದೆಂದು ತಿಳಿಯುವುದು. ಬಳಿಕ ಅದೇ ಪರೀಕ್ಷೆಯನ್ನು ಗುಪ್ತ ಕಿಟಕಿಯಲ್ಲಿ ಒಮ್ಮೆ, ಬೇರೆ ಬ್ರೌಸರಿನಲ್ಲಿ ಒಮ್ಮೆ ಮಾಡಿ ಹೋಲಿಸಬೇಕು. ಹತ್ತು ಪ್ರಸಂಗಗಳು ಕಲಿಸದುದನ್ನು ಈ ಮೂರು ಪಟ್ಟಿಗಳು ಕಲಿಸುವುವು. ಬ್ರೌಸರನ್ನು ಕಾಲಕಾಲಕ್ಕೆ ಹೊಸದು ಮಾಡಿಕೊಳ್ಳುವುದು, ಬೇಡದ ಜೋಡಣೆಗಳನ್ನು ತೆಗೆಯುವುದು, ಸ್ಥಳ ಮತ್ತು ಕ್ಯಾಮೆರಾಗಳಿಗೆ ಎಂದೋ ಕೊಟ್ಟ ಅಪ್ಪಣೆಗಳನ್ನು ನೋಡಿ ಹಿಂತೆಗೆದುಕೊಳ್ಳುವುದು, ಇವನ್ನು ಅದೇ ಕಾಲದಲ್ಲಿ ಮುಗಿಸಬಹುದು.

ಶಾಲೆಯ ಆಡಳಿತದವರಲ್ಲಿಯೂ ನಮ್ಮದೊಂದು ಕೋರಿಕೆ. ಹೊಲಿಗೆಯನ್ನೂ ಗೃಹವಿಜ್ಞಾನವನ್ನೂ ಕಲಿಸುವ ವೇಳಾಪಟ್ಟಿಯಲ್ಲಿ ವರ್ಷಕ್ಕೆ ಎರಡು ಪೀರಿಯಡ್ಡುಗಳನ್ನು ಈ ಪರೀಕ್ಷೆಗೆ ಬಿಡುವುದು ಅಸಾಧ್ಯವಲ್ಲ. ಒಂಬತ್ತನೆಯ ತರಗತಿಯ ಹುಡುಗಿಯರು ತಾವೇ ಮಾಡಿ, ಎಂಟನೆಯ ತರಗತಿಯವರಿಗೆ ತೋರಿಸಿಕೊಡಲಿ. ಕಚೇರಿಯ ಕಂಪ್ಯೂಟರುಗಳನ್ನೂ ಅವರೇ ಪರೀಕ್ಷಿಸಿ ಮುಖ್ಯೋಪಾಧ್ಯಾಯಿನಿಯವರಿಗೆ ವರದಿ ಕೊಡಲಿ. ಶಾಲೆಯು ಮಕ್ಕಳಿಗೆ ಕಡ್ಡಾಯ ಮಾಡಿರುವ ಆ್ಯಪುಗಳೂ ತಾಣಗಳೂ ಏನೇನು ಕೇಳುತ್ತವೆಂಬ ಪಟ್ಟಿಯನ್ನು ಪೋಷಕರ ಸಭೆಯ ದಿನ ಗೋಡೆಗೆ ಹಚ್ಚಿದರೆ ಇನ್ನೂ ಒಳ್ಳೆಯದು. ಆ ದಿನ ಕಂಪ್ಯೂಟರಿನ ಕೋಣೆಯನ್ನು ಒಂದು ಗಂಟೆ ಹೆಚ್ಚು ತೆರೆದಿಟ್ಟರೆ ಪೋಷಕರೂ ಹಳೆಯ ವಿದ್ಯಾರ್ಥಿನಿಯರೂ ತಮ್ಮ ತಮ್ಮ ಮೊಬೈಲುಗಳನ್ನು ತಂದು ನೋಡಬಹುದು. ಅಜ್ಜಿಯರ ಹಳೆಯ ಮೊಬೈಲುಗಳನ್ನು ಮರೆಯದೆ ತರಬೇಕು. ಬಹುಕಾಲ ಹೊಸದು ಮಾಡದ ಬ್ರೌಸರುಗಳಿರುವುದು ಅವುಗಳಲ್ಲಿಯೇ. ಮೊಬೈಲಿನ ಮಾದರಿಯನ್ನು ಮೊದಲನೆಯ ಮಾತಿನ ಪರಿಚಯದಲ್ಲಿಯೇ ಪೂರ್ತಿಯಾಗಿ ಹೇಳಿಬಿಡುವುವು.